ಬ್ಯಾಟರಿ ಉಳಿಸಿದ ಜಾಣ

ಎಲ್ಲ ರಗಳೆಗೂ ಕಾರಣ ಒಂದು ಅಂಟುಚೀಟಿ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಕಂಪನಿಯ ಮ್ಯಾನೇಜರಮ್ಮ, ನೂರು ಪರ್ಸೆಂಟ್ ಚಾರ್ಜ್ ಆದ ಹೊಸ ಮಾದರಿಯ ಫೋನಿನ ಚಾರ್ಜಿಂಗ್ ತೂತಿನ ಮೇಲೆ ಅದನ್ನು ಅಂಟಿಸಿ, ಸಹಿ ಹಾಕಿ, ಉಳಿತಾಯನ ಕೈಗಿಟ್ಟರು.

ಉಳಿತಾಯ ಎಂಬುದು ಸಹೋದ್ಯೋಗಿಗಳು ಅವನಿಗೆ ಇಟ್ಟ ಹೆಸರು. ಫೋನು ಎಷ್ಟು ಇಂಟರ್‌ನೆಟ್ ಎಳೆದುಕೊಳ್ಳಬೇಕು, ಅದಕ್ಕೆ ಎಷ್ಟು ಬ್ಯಾಟರಿ ತೆರಬೇಕು ಎಂದು ತಾನೇ ತೀರ್ಮಾನಿಸುವ ಪ್ರೋಗ್ರಾಮೊಂದನ್ನು ಅವನು ಮೂರು ವರ್ಷದಿಂದ ಬರೆಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಜಾಣ.

"ಮನೆಗೆ ಹೋಗಿ ಮಾಮೂಲಿ ಜನ ಬಳಸೋ ಹಾಗೆ ಬಳಸಿ," ಎಂದರು ಮ್ಯಾನೇಜರಮ್ಮ. "ಸಂಜೆ ಐದಕ್ಕೆ ಮೂವತ್ತು ಪರ್ಸೆಂಟ್ ಉಳಿದಿದ್ರೆ ಹೊಸ ಫೋನಲ್ಲೆಲ್ಲ ನಿಮ್ಮ ಜಾಣ. ಇಲ್ಲಾಂದ್ರೆ ನಾಳೆಯಿಂದ ನೀವು ಕೈಪಿಡಿ ವಿಭಾಗಕ್ಕೆ."

ಕೈಪಿಡಿ ವಿಭಾಗ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಇಬ್ಬರು ಕೂತು 'ಫೋನನ್ನು ನೀರಿನಲ್ಲಿ ಅದ್ದಬೇಡಿ' ಎಂಬ ವಾಕ್ಯವನ್ನು ಹನ್ನೊಂದು ವರ್ಷದಿಂದ ತಿದ್ದುತ್ತಿದ್ದರು.

ಜಾಣನ ತತ್ವ ಸರಳ. ಟವರ್ ದೂರವಿದ್ದಷ್ಟೂ ಫೋನು, ಕಿವಿ ಮಂದವಾದ ತಾತನ ಜೊತೆ ಮಾತಾಡುವವರಂತೆ ಕಿರುಚಬೇಕಾಗುತ್ತದೆ. ಕಿರುಚಿದಷ್ಟೂ ಬ್ಯಾಟರಿಗೆ ಸುಸ್ತು. ಜಾಣ ಕಿರುಚುತ್ತಿರಲಿಲ್ಲ; ಯಾರ ಮೆಸೇಜು ತರಬೇಕೆಂದು ಆರಿಸುತ್ತಿತ್ತು. ದಿನವೂ ಬರೆಯುವವರು ಹತ್ತಿರದವರು, ಅವರ ಮೆಸೇಜು ಒಳಗೆ ಬರಬಹುದು. ಅಪರೂಪಕ್ಕೆ ಬರೆಯುವವರು ದೂರದವರು. ಫೋನು ಮತ್ತೆ ಚಾರ್ಜಿಗೆ ಕೂರುವ ತನಕ ಅವರ ಮೆಸೇಜು ಹೊಸ್ತಿಲಾಚೆ ಕಾಯಬೇಕು. ಈ ಫೋನನ್ನೇ ಉಳಿತಾಯ ತಿಂಗಳಿಂದ ಜೊತೆಗಿಟ್ಟುಕೊಂಡು ಓಡಾಡಿದ್ದರಿಂದ ಯಾರು ಹತ್ತಿರ, ಯಾರು ದೂರ ಎಂದು ಜಾಣ ಚೆನ್ನಾಗಿ ಕಲಿತಿತ್ತು.

ಮನೆಗೆ ಬಂದ ಉಳಿತಾಯ ಫೋನನ್ನು ಮೇಜಿನ ಮೇಲೆ ಮಲಗಿಸಿದ. ಹತ್ತೂವರೆಗೆ, ಅಂಗಡಿಗೆ ಹೋಗಿದ್ದ ಹೆಂಡತಿ ಎರಡು ಕರ್ಟನ್ ಫೋಟೋ ಕಳಿಸಿದಳು. 'ಯಾವುದು?'

ಹೆಂಡತಿ ಹತ್ತಿರದವಳಾದ್ದರಿಂದ ಫೋಟೋಗಳನ್ನು ಜಾಣ ಒಳಗೆ ಬಿಟ್ಟಿತು. ಆದರೆ ಬಣ್ಣ ಭಾರದ ಸಾಮಾನು, ಅದನ್ನು ಆಚೆಯೇ ಇಳಿಸಿತು. ಬಂದದ್ದು ಅಂಚೆಚೀಟಿಯಷ್ಟಗಲದ ಎರಡು ಬೂದು ಚೌಕ.

'ಎರಡೂ ಒಂದೇ ಥರ ಇದೆಯಲ್ಲ' ಎಂದು ಬರೆದ.

'ಒಂದು ಕೆಂಪು, ಒಂದು ಹಸಿರು. ಮದುವೆಯಾಗಿ ಒಂಬತ್ತು ವರ್ಷ ನೀವು ನನ್ನ ಸೀರೆ ನೋಡಿ ಚೆನ್ನಾಗಿದೆ ಅಂದಿದ್ದೆಲ್ಲ ಹೀಗೇನಾ?'

ಉತ್ತರಿಸಿದರೆ ಜಗಳ, ಜಗಳವಾದರೆ ಬ್ಯಾಟರಿ ಖರ್ಚು. ಅವನು ಫೋನನ್ನು ಮತ್ತೆ ಮಲಗಿಸಿದ. ಎಂಬತ್ತೆಂಟು ಪರ್ಸೆಂಟ್.

ಹನ್ನೊಂದಕ್ಕೆ ಕೆಳಮನೆಯ ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು, ಹಿಂದೆ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದ.

"ಸಾರ್, ನಮ್ಮ ನೆಟ್ ಹೋಗಿದೆ. ಇವರಿಗೆ ಬೇಕಾದ ಕೋಟಿನ ಫೋಟೋ ನೋಡ್ಬೇಕು. ಒಂಚೂರು ಹಾಟ್‌ಸ್ಪಾಟ್ ಆನ್ ಮಾಡಿ."

"ಇವತ್ತೊಂದು ದಿನ ಬೇಡ ಮಾರಾಯ್ರೆ. ಬ್ಯಾಟರಿ ಪರೀಕ್ಷೆ ನಡೀತಿದೆ."

"ಐದು ನಿಮಿಷ ಸಾರ್. ನಿಮ್ಮ ಗಂಟೇನು ಹೋಗುತ್ತೆ?"

ಮಾಮೂಲಿ ಜನ ಬಳಸುವ ಹಾಗೆ ಎಂದರೆ ಇದೇ ತಾನೆ ಎಂದುಕೊಂಡು ಉಳಿತಾಯ ಹಲ್ಲು ಕಚ್ಚಿ ಹಾಟ್‌ಸ್ಪಾಟ್ ಆನ್ ಮಾಡಿದ. ಜಾಣ ತೊಟ್ಟು ತೊಟ್ಟಾಗಿ ಬಿಟ್ಟಿತು. ಟೈಲರನ ಫೋನಿನಲ್ಲಿ ಕೋಟು ಮೇಲಿನಿಂದ ಇಳಿಯತೊಡಗಿತು. ಹತ್ತು ನಿಮಿಷಕ್ಕೆ ಕಾಲರ್. ಅರ್ಧ ಗಂಟೆಗೆ ಎದೆಯ ಜೇಬು. ಎರಡನೇ ಗುಂಡಿಯ ಹತ್ತಿರ ಬಂದು ನಿಂತೇಬಿಟ್ಟಿತು.

"ಇನ್ನೂ ಕೆಳಗೆ ಇದೆಯಲ್ವಾ?" ಎಂದ ಗಿರಾಕಿ.

"ಇದೇ ಈಗಿನ ಫ್ಯಾಷನ್ನು," ಎಂದು ಟೈಲರ್ ಅವನ ಎದೆಗೆ ಟೇಪು ಹಿಡಿದು, ಎರಡನೇ ಗುಂಡಿಯವರೆಗಿನ ಅಳತೆ ಬರೆದುಕೊಂಡು ಎದ್ದ.

ಆಮೇಲೆ ಫೋನು ಒಂದು ಸಲವೂ ಕಿಣಿ ಎನ್ನಲಿಲ್ಲ. 'ಎಂಥಾ ಶಿಸ್ತು!' ಎಂದು ಉಳಿತಾಯ ಅದರ ಬೆನ್ನು ಸವರಿದ. ಪರ್ಸೆಂಟ್ ನೋಡಲು ಪರದೆ ಬೆಳಗಿಸಿದರೂ ಚಾರ್ಜ್ ಖರ್ಚಾಗುವುದರಿಂದ, ಕೈಗಳೆರಡನ್ನೂ ತೊಡೆಯಡಿ ಇಟ್ಟುಕೊಂಡು ಕೂತ.

ಐದಕ್ಕೆ ಸರಿಯಾಗಿ ಮ್ಯಾನೇಜರಮ್ಮನ ಕೋಣೆಯಲ್ಲಿದ್ದ. ಪರದೆಯ ಮೂಲೆಯಲ್ಲಿ ನಲವತ್ತೇಳು ಪರ್ಸೆಂಟ್. ಮ್ಯಾನೇಜರಮ್ಮ ಮುಖ ಗಂಟಿಕ್ಕಿಕೊಂಡು ಅಂಟುಚೀಟಿ ಕಿತ್ತು, ಚಾರ್ಜರ್ ಚುಚ್ಚಿದರು.

ಕಿಣಿ ಕಿಣಿ ಕಿಣಿ. ಶಾಲೆ ಬಿಟ್ಟಾಗ ಗೇಟಿನಿಂದ ನುಗ್ಗುವ ಮಕ್ಕಳ ಹಾಗೆ ಮೆಸೇಜುಗಳು ನುಗ್ಗಿದವು.

'ದೊಡ್ಡ ಸಾಹೇಬರು ಇವತ್ತೇ ಬಂದಿದ್ದಾರೆ. ಹನ್ನೆರಡಕ್ಕೆ ಫೋನ್ ತನ್ನಿ.'

'ಎಲ್ಲಿದ್ದೀರಿ?'

'ಬ್ಯಾಟರಿ ಸತ್ತಿರಬೇಕು. ಸಾಹೇಬರಿಗೂ ಹಾಗೇ ಹೇಳಿದೆ.'

ಮೂರೂ ಮ್ಯಾನೇಜರಮ್ಮನವು.

"ಬ್ಯಾಟರಿ ಸತ್ತಿರ್ಲಿಲ್ಲ," ಎಂದರು ಮ್ಯಾನೇಜರಮ್ಮ. "ಹಾಗಾದ್ರೆ ಸತ್ತಿದ್ದು ಯಾರು, ನೀವಾ?"

"ಜಾಣ ತಡೆದಿದೆ ಮೇಡಂ. ನೀವು ನನಗೆ ಅಪರೂಪಕ್ಕೆ ಬರೀತೀರಿ. ಅದಕ್ಕೆ..."

"ಅದಕ್ಕೆ ನಾನು ದೂರದವಳು."

"ಜಾಣನ ಲೆಕ್ಕದಲ್ಲಿ, ಮೇಡಂ."

ಮ್ಯಾನೇಜರಮ್ಮ ಏನೋ ಯೋಚಿಸಿದರು. ಮುಖ ನಿಧಾನವಾಗಿ ಅರಳಿತು. "ದೊಡ್ಡ ಸಾಹೇಬರು ನನಗೆ ಬರೆಯೋದೂ ಅಪರೂಪಕ್ಕೇ. ಅವರ ಮೆಸೇಜೂ ತಡೆಯುತ್ತಾ?"

"ತಡೆಯುತ್ತೆ."

"ನನ್ನ ಫೋನಿಗೂ ಹಾಕಿ. ಈಗಲೇ."

ಉಳಿತಾಯ ಎರಡೇ ನಿಮಿಷದಲ್ಲಿ ಹಾಕಿಕೊಟ್ಟ. ಅದರಲ್ಲಿದ್ದ ಹಳೆಯ ಮೆಸೇಜುಗಳನ್ನು ನೋಡಿ ಜಾಣ ಯಾರು ಹತ್ತಿರ, ಯಾರು ದೂರ ಎಂದು ವಿಂಗಡಿಸಿಕೊಂಡಿತು. ಕೈಪಿಡಿ ವಿಭಾಗದ ನೆಲಮಾಳಿಗೆ ದೂರ ಸರಿದಂತೆನಿಸಿತು.

"ಆದ್ರೂ ಸಾಹೇಬರಿಗೆ ನಾನು ಉತ್ತರ ಕೊಡ್ಬೇಕಲ್ಲ," ಎಂದರು ಮ್ಯಾನೇಜರಮ್ಮ. "ಇವತ್ತು ಯಾಕೆ ಬರ್ಲಿಲ್ಲ ಅಂತ ಬರೆದು ನನಗೆ ಮೆಸೇಜ್ ಕಳಿಸಿ. ಬಾಯಿಮಾತು ನಡೆಯಲ್ಲ. ಆರರೊಳಗೆ ಬರ್ಲಿಲ್ಲ ಅಂದ್ರೆ ಮಾತ್ರ ಕೈಪಿಡಿ ವಿಭಾಗ."

ಉಳಿತಾಯ ತನ್ನ ಮೇಜಿಗೆ ಓಡಿ, ಬೆವರು ಒರೆಸಿಕೊಳ್ಳುತ್ತ ಬರೆದ. ಆರಕ್ಕೆ ಎರಡು ನಿಮಿಷವಿರುವಾಗ ಕಳಿಸಿ ಉಸಿರು ಬಿಟ್ಟ. ಆಗ ನೆನಪಾಯಿತು: ಮ್ಯಾನೇಜರಮ್ಮನಿಗೆ ಅವನು ಇದುವರೆಗೆ ಬರೆದದ್ದು ಒಂದೇ ಸಲ, ಜ್ವರಕ್ಕೆ ರಜೆ ಕೇಳಿ.

ಅವನು ಎದ್ದು ಓಡುವಷ್ಟರಲ್ಲಿ ಆರು ಹೊಡೆಯಿತು. ಮ್ಯಾನೇಜರಮ್ಮ ಕೈಚೀಲ ಹೆಗಲಿಗೇರಿಸಿ ಕೋಣೆಯಿಂದ ಹೊರಬರುತ್ತಿದ್ದರು.

"ಒಂದು ಸಾಲೂ ಬರ್ಲಿಲ್ಲವಲ್ರೀ ನಿಮ್ಮಿಂದ."

"ಕಳಿಸಿದೀನಿ ಮೇಡಂ! ಜಾಣ ಹೊಸ್ತಿಲಾಚೆ ತಡೆದಿದೆ. ದಯವಿಟ್ಟು ಒಂದು ನಿಮಿಷ ಫೋನ್ ಚಾರ್ಜಿಗೆ ಹಾಕಿ!"

ಮ್ಯಾನೇಜರಮ್ಮ ಫೋನನ್ನು ಅವನ ಮುಖದ ಮುಂದೆ ಹಿಡಿದು ಹೆಮ್ಮೆಯಿಂದ ನಕ್ಕರು.

"ಯಾಕ್ರೀ? ಇನ್ನೂ ತೊಂಬತ್ತೆಂಟು ಇದೆ!"