ಕೆಂಪು ಶಾಯಿಯ ಸಾಕ್ಷಿ

ತಪ್ಪನ್ನು ಕಂಡೂ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಇದನ್ನು ನಾನು ಬಹುಕಾಲ ಗುಣವೆಂದು ನಂಬಿದ್ದೆ. ಮನೆಯವರು ಕಾಯಿಲೆಯೆಂದು ನಂಬಿದ್ದರು. ಬೆಳ್ತಂಗಡಿಯ ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವುದಕ್ಕೆಂದು ಕೊಂಡ ಕೆಂಪು ಪೆನ್ನು ಕ್ರಮೇಣ ಹೋಟೆಲಿನ ತಿಂಡಿಪಟ್ಟಿಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ತಿದ್ದತೊಡಗಿತು. ಒಮ್ಮೆ ನನ್ನ ಭಾವನ ಮದುವೆಯ ಕಾಗದದಲ್ಲಿ ಏಳು ತಪ್ಪು ಹುಡುಕಿ, ತಿದ್ದಿ, ‘ವರನ ವಿದ್ಯಾರ್ಹತೆಯನ್ನು ಅಚ್ಚು ಹಾಕಿಸಿದವರು ವಧುವಿನದನ್ನು ಏಕೆ ಬಿಟ್ಟಿರಿ?’ ಎಂದು ಅಂಚಿನಲ್ಲಿ ಬರೆದು ಮರಳಿ ಕಳುಹಿಸಿದ್ದೆ. ಭಾವ ಈಗಲೂ ನನ್ನನ್ನು ಊಟಕ್ಕೆ ಕರೆಯುತ್ತಾನೆ. ಓದಲು ಮಾತ್ರ ಏನನ್ನೂ ಕೊಡುವುದಿಲ್ಲ.

ಆ ಪೆನ್ನು ನನ್ನನ್ನೇ ಹಿಡಿದುಕೊಟ್ಟದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮ ಪೇಟೆಯ ದರ್ಜಿ ಅಂಗಡಿಯ ಮಾಳಿಗೆಯಲ್ಲಿ ಒಂದು ವಾಚನಾಲಯವಿತ್ತು. ನಾನು ಅದರ ಸಮಿತಿಯ ಸದಸ್ಯ. ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದವರು ವಾರಿಜಕ್ಕ, ಬೇರೆ ಊರಿನಿಂದ ಬಂದು ಇಲ್ಲಿ ನೆಲೆಸಿದ, ಮಾತನ್ನು ಅಳೆದು ಆಡುವ ಹೆಂಗಸು. ಆ ವರ್ಷ ಮೂಡುಬಿದಿರೆಯ ಬಸ್ ನಿಲ್ದಾಣದ ಅಂಗಡಿಯಿಂದ ತರಿಸಿದ ಕಟ್ಟಿನಲ್ಲಿ, ನಿಜವಾಗಿ ನಡೆದ ಕೊಲೆಗಳನ್ನು ಕುರಿತ ಏಳು ಪುಸ್ತಕಗಳು ಬಂದವು. ರಕ್ಷಾಪುಟದಲ್ಲಿ ಒಬ್ಬಳು ಹೆಂಗಸು, ಒಂದು ಚೂರಿ. ಕೊಲೆ ಬದಲಾದರೂ ಹೆಂಗಸು ಬದಲಾಗುತ್ತಿರಲಿಲ್ಲ.

ಪ್ರಜಾಪ್ರಭುತ್ವದಲ್ಲಿ ಓದುಗನಿಗೂ ಧ್ವನಿ ಇರಬೇಕೆಂದು ಹಟ ಹಿಡಿದು, ‘ಓದುಗರ ಅಭಿಪ್ರಾಯ’ ಎಂಬ ಪುಸ್ತಕವೊಂದನ್ನು ಬಾಗಿಲ ಬಳಿ ದಾರ ಕಟ್ಟಿ ತೂಗುಹಾಕಿಸಿದವನು ನಾನೇ. ಎರಡು ವರ್ಷ ಅದರಲ್ಲಿ ಧ್ವನಿಯೆತ್ತಿದವನೂ ನಾನೊಬ್ಬನೇ. ಕೊಲೆಗಳು ಬಂದದ್ದೇ ತಡ, ಪುಟಗಳು ತುಂಬಿದವು. ‘ಚೆನ್ನಾಗಿದೆ. ಇನ್ನೊಂದು ಕೊಲೆ ಇರುತ್ತಿದ್ದರೆ ಇನ್ನೂ ಚೆನ್ನಾಗಿತ್ತು.’ ‘ಪೊಲೀಸರು ಇಷ್ಟು ಬುದ್ಧಿವಂತರೆಂದರೆ ನಿಜಕಥೆ ಎನ್ನಲು ಕಷ್ಟ.’ ‘ಉತ್ತಮ ನೀತಿ ಉಂಟು. ಅತ್ತೆಯವರಿಗೆ ಓದಲು ಕೊಟ್ಟಿದ್ದೇನೆ.’

ನಾನು ಕೆರಳಿದೆ. ಮನವಿಪತ್ರವೊಂದನ್ನು ಸಿದ್ಧಪಡಿಸಿದೆ. ಆರೋಪಿ ಸಿರಿವಂತನಾದರೆ ಅವನ ಹೆಸರಿನ ಮೊದಲಕ್ಷರ ಮಾತ್ರ. ಸತ್ತವಳು ಬಡವಳಾದರೆ ಹೆಸರು, ಜಾತಿ, ಸೀರೆಯ ಬಣ್ಣ, ಎಲ್ಲವೂ ಅಚ್ಚು! ಕೊಂದವನ ಸಿಟ್ಟಿಗೆ ಕಾರಣ ಉಂಟು, ಸತ್ತವಳ ಭಯಕ್ಕೆ ಒಂದು ಸಾಲೂ ಇಲ್ಲ. ಏಳು ಪುಸ್ತಕಗಳನ್ನೂ ರದ್ದಿಗೆ ಹಾಕತಕ್ಕದ್ದು ಎಂದು ಬರೆದು ಮನೆಮನೆ ತಿರುಗಿ ಸಹಿ ಮಾಡಿಸಿದೆ. ಚಾರ್ಮಾಡಿ ಬಸ್ಸಿನ ಕಂಡಕ್ಟರ್ ಮೋನಪ್ಪನೂ ಸಹಿ ಹಾಕಿದ. “ನನ್ನದು ಏಳೂ ಓದಿ ಆಯಿತು ಮಾಷ್ಟ್ರೆ, ಇನ್ನು ತೆಗೆದರೆ ತೊಂದರೆ ಇಲ್ಲ” ಎಂದ. ನೀವು ಓದಿದ್ದೀರಾ ಎಂದು ಕೇಳಿದವರಿಗೆಲ್ಲ, “ಎರಡು ಪುಟ ತಿರುವಿ ಹೇಸಿ ಕೆಳಗಿಟ್ಟೆ” ಎನ್ನುತ್ತಿದ್ದೆ.

ಸುಳ್ಳು. ಏಳನ್ನೂ ಓದಿದ್ದೆ, ವಯಸ್ಕರ ಶಿಕ್ಷಣದ ಕೈಪಿಡಿಯೊಳಗೆ ಅಡಗಿಸಿಟ್ಟು, ಊಟಕ್ಕೆ ಕರೆದರೂ ಏಳದೆ ಓದಿದ್ದೆ. ಸಮಿತಿಯ ಸದಸ್ಯನೆಂಬ ಸಲುಗೆಯಿಂದ ರಿಜಿಸ್ಟರಿನಲ್ಲಿ ಬರೆಸದೆ ಒಯ್ದು, ಬರೆಸದೆ ತಂದಿಟ್ಟಿದ್ದೆ. ವಾರಿಜಕ್ಕ ಮಾತ್ರ ನೋಡಿದ್ದರು.

ಆದಿತ್ಯವಾರ ಸಂಜೆ ಸಭೆ. ಅಧ್ಯಕ್ಷ ಸಂಜೀವ ಶೆಟ್ಟರು ಮನವಿಯನ್ನು ಓದಿ ಮುಗಿಸಿದರು. ವಾರಿಜಕ್ಕ ಏಳೂ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಓದುವಾಗ ನನ್ನ ಕೈ ಸುಮ್ಮನಿರಲಿಲ್ಲವೆಂಬುದು ನೆನಪಾದದ್ದು ಆಗಲೇ. ಪುಟಪುಟದಲ್ಲಿ, ಅಂಚುಅಂಚಿನಲ್ಲಿ, ಕಾಗುಣಿತದಿಂದ ಹಿಡಿದು ಸಾಮಾಜಿಕ ಅನ್ಯಾಯದವರೆಗೆ, ಕೆಂಪು ಶಾಯಿ!

ಶೆಟ್ಟರ ಕೈ ಮೇಲಿನ ಪುಸ್ತಕದತ್ತ ಚಾಚಿತು. “ತೆರೆಯುವ ಅಗತ್ಯವಿಲ್ಲ,” ಎಂದೆ, ಅಗತ್ಯಕ್ಕಿಂತ ಗಟ್ಟಿಯಾಗಿ.

“ನೋಡದೆ ತೀರ್ಪು ಕೊಡುವುದಾ ಮಾರಾಯ್ರೆ? ಕಳೆದ ಸಲ ಅದೇ ದೊಡ್ಡ ಅನ್ಯಾಯ ಅಂತ ಅರ್ಧ ಗಂಟೆ ಹೇಳಿದ್ದು ನೀವೇ ಅಲ್ವಾ?”

ಅಷ್ಟರಲ್ಲಿ ವಾರಿಜಕ್ಕ ಮಾತಾಡಿದರು. “ಆರು ತೆಗೆಯಿರಿ ಶೆಟ್ರೆ. ಮೇಲೆ ಉಂಟಲ್ಲ, ಅದೊಂದು ಇರಲಿ.” ಕಾರಣ ಹೇಳಲಿಲ್ಲ. ಗಡಿಬಿಡಿಯಲ್ಲಿ ನಾನು ಎದ್ದುನಿಂತೆ. “ಮೊದಲು ಹೋಗಬೇಕಾದದ್ದೇ ಅದು! ಸತ್ತವಳಿಗೆ ಅತಿ ಹೆಚ್ಚು ಅವಮಾನವಾಗಿರುವುದು ಅದರಲ್ಲೇ. ಅರುವತ್ತೊಂದನೆಯ ಪುಟದಲ್ಲಿ…” ಎಂದವನು ಅಲ್ಲಿಗೇ ಮಾತು ನಿಲ್ಲಿಸಿದೆ.

“ಎರಡು ಪುಟಕ್ಕೆ ಹೇಸಿದವರು ಅರುವತ್ತೊಂದಕ್ಕೆ ಹೇಗೆ ಮುಟ್ಟಿದಿರಿ ಮಾಷ್ಟ್ರೆ?” ಹಿಂದಿನ ಬೆಂಚಿನಿಂದ ಮೋನಪ್ಪ ಕೇಳಿದ. “ನಡುವೆ ಸ್ಟಾಪ್ ಇರಲಿಲ್ಲವಾ?”

ಶೆಟ್ಟರು ನಗುತ್ತ ಅಭಿಪ್ರಾಯ ಪುಸ್ತಕವನ್ನು ತರಿಸಿ ಓದಿದರು: “ ‘ಪುಸ್ತಕ ಸಾಧಾರಣ. ಅಂಚಿನಲ್ಲಿರುವ ಕೆಂಪು ಬರಹ ಬಹಳ ಚೆನ್ನಾಗಿದೆ. ಈ ಲೇಖಕರ ಬೇರೆ ಕೊಲೆಗಳಿದ್ದರೆ ತರಿಸಬೇಕು.’ ” ಎಲ್ಲರ ಕಣ್ಣೂ ನನ್ನ ಕಿಸೆಗೆ ಹೋಯಿತು. ಪೆನ್ನಿನ ಕೆಂಪು ಮುಚ್ಚಳ ಅಲ್ಲಿ ಎದ್ದು ಕಾಣುತ್ತಿತ್ತು. ಮಾಳಿಗೆಯ ಹಲಗೆ ಅದುರುವಂತೆ ನಕ್ಕರು. ವಾರಿಜಕ್ಕ ನಗಲಿಲ್ಲ. ಅವರು ಮೇಜಿನ ಮೇಲೆ ಎಲ್ಲಕ್ಕಿಂತ ಮೇಲಿದ್ದ ಆ ಪುಸ್ತಕವನ್ನೇ ನೋಡುತ್ತಿದ್ದರು.

ಶೆಟ್ಟರು ಅರುವತ್ತೊಂದನೆಯ ಪುಟವನ್ನು ತೆರೆದರು. “ ‘ಸುಮತಿಯ ಮೊಣಕಾಲು ಮುಟ್ಟುವ ಜಡೆಯೇ ಅವಳಿಗೆ ಮುಳುವಾಯಿತು.’ ಅಚ್ಚಿನಲ್ಲಿ ‘ಮೊನಕಾಲು’ ಅಂತ ಇದ್ದದ್ದನ್ನು ಮಾಷ್ಟ್ರು ತಿದ್ದಿದ್ದಾರೆ. ಬದಿಯಲ್ಲಿ, ‘ಕೊಲೆಯಾದವಳ ಮೇಲೆಯೇ ತಪ್ಪು ಹೊರಿಸುವ ನೀಚ ವಾಕ್ಯ.’ ಭಾರೀ ಲಾಯ್ಕ ಬರೆದಿದ್ದೀರಿ.” ಆಮೇಲೆ ಕನ್ನಡಕವನ್ನು ಸರಿಮಾಡಿಕೊಂಡರು. “ಕೆಳಗೆ ಪೆನ್ಸಿಲಿನಲ್ಲಿ ಬೇರೆ ಯಾರೋ ಬರೆದದ್ದುಂಟು. ‘ಜಡೆ ಇರಲಿಲ್ಲ. ಟೈಪಾಡು ಜ್ವರ ಬಂದು ಕೂದಲು ಉದುರಿತ್ತು.’ ಇದು ಯಾರದ್ದು?”

“ನನ್ನದು,” ಎಂದರು ವಾರಿಜಕ್ಕ. “ಸುಮತಿ ನನ್ನ ತಂಗಿ.”

ಕೆಳಗಿನ ಅಂಗಡಿಯ ಹೊಲಿಗೆಯಂತ್ರದ ಸದ್ದು ಮಾಳಿಗೆಗೆ ಕೇಳಿಸತೊಡಗಿತು.

“ಅವಳು ಶಾಲೆಗೆ ಹೋದವಳಲ್ಲ. ಮದುವೆಗೆ ಕಾಗದ ಅಚ್ಚು ಮಾಡಿಸಲಿಲ್ಲ. ಅವಳ ಹೆಸರು ಅಚ್ಚಿನಲ್ಲಿ ಇರುವುದು ಇದೊಂದರಲ್ಲೇ. ಬರೆದದ್ದೆಲ್ಲ ಸುಳ್ಳು, ನನಗೆ ಗೊತ್ತುಂಟು. ಹೆಸರು ಉಂಟಲ್ಲ.” ಆಮೇಲೆ ನನ್ನತ್ತ ತಿರುಗಿದರು. “ಪುಸ್ತಕದಲ್ಲಿ ಬರೆಯಬಾರದು ಅಂತ ಓದುವವರಿಗೆಲ್ಲ ಬೈಯುವವಳು ನಾನೇ. ನೀವು ಬರೆದದ್ದು ನೋಡಿದೆ ಮಾಷ್ಟ್ರೆ. ಹಾಗಾದರೆ ನಾನೂ ಒಂದು ತಪ್ಪು ತಿದ್ದಬಹುದು ಅಂತ ಕಂಡಿತು.”

ಏಳು ಪುಸ್ತಕಗಳಲ್ಲಿ ಸಾವಿರ ತಪ್ಪು ಹಿಡಿದಿದ್ದೆ. ಅವುಗಳೊಳಗಿನ ಒಬ್ಬ ಹೆಂಗಸಿಗೆ ನಿಜವಾಗಿ ಜಡೆ ಇತ್ತೋ ಇಲ್ಲವೋ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅನ್ಯಾಯಕ್ಕೊಳಗಾದ ಸ್ತ್ರೀಕುಲದ ಪರವಾಗಿ ಬರೆಯುತ್ತಿದ್ದವನಿಗೆ ಸುಮತಿಯೆಂಬೊಬ್ಬಳು ಇದ್ದಳೆಂಬುದು ಮರೆತೇಹೋಗಿತ್ತು. ಮನವಿಯನ್ನು ಹಿಂದಕ್ಕೆ ಪಡೆದೆ. “ಹಾಗಾದರೆ ನನ್ನ ಸಹಿ ವಾಪಸು ಕೊಡಿ” ಎಂದ ಮೋನಪ್ಪನ ಮಾತಿಗೂ ಆ ಹೊತ್ತು ಯಾರೂ ನಗಲಿಲ್ಲ.

ಪುಸ್ತಕ ಕಪಾಟಿನಲ್ಲೇ ಉಳಿಯಿತು. ವಾಚನಾಲಯಕ್ಕೆ ಹೋದಾಗಲೆಲ್ಲ ಅರುವತ್ತೊಂದನೆಯ ಪುಟವನ್ನು ಒಮ್ಮೆ ತೆರೆಯುತ್ತೇನೆ. ‘ಟೈಪಾಡು’ ಎಂಬುದು ‘ಟೈಫಾಯಿಡ್’ ಎಂದಾಗಬೇಕು. ಪ್ರತಿ ಸಲವೂ ಕೈ ಕಿಸೆಗೆ ಹೋಗುತ್ತದೆ, ಪ್ರತಿ ಸಲವೂ ಬರಿದಾಗಿ ಮರಳುತ್ತದೆ. ನನ್ನ ಜೀವಮಾನದಲ್ಲಿ ಕಂಡೂ ತಿದ್ದದೆ ಬಿಟ್ಟ ತಪ್ಪು ಅದೊಂದೇ. ಇಂಥ ಸಂಯಮವನ್ನು ನಾಲ್ಕು ಜನರಿಗೆ ತಿಳಿಸದೆ ಇರುವುದಕ್ಕೆ ಬೇಕಾದ ಸಂಯಮ ಮಾತ್ರ ನನಗೆ ಇನ್ನೂ ಬಂದಿಲ್ಲವೆಂಬುದಕ್ಕೆ, ಇದನ್ನು ಓದುತ್ತಿರುವ ನೀವೇ ಸಾಕ್ಷಿ.