ಹನ್ನೊಂದು ಕೋಟು, ಏಳು ಜನ ವಾದ್ಯಗಾರರು

ಕೆಲವರಿಗೆ ಜೀವನದಲ್ಲಿ ಒಂದೇ ಒಂದು ಸಲ ಮರ್ಯಾದೆ ಹೋಗುತ್ತೆ, ಅದನ್ನೇ ಸಾಯೋವರೆಗೂ ಹೇಳ್ಕೊಂಡು ತಿರುಗ್ತಾರೆ. ನಾನು ಬ್ಯಾಂಡ್ ಮಾಸ್ಟ್ರು. ನನಗೆ ಪ್ರತಿ ಮುಹೂರ್ತದಲ್ಲೂ ಹೋಗುತ್ತೆ. ಸೀಸನ್ ಚೆನ್ನಾಗಿದ್ದರೆ ದಿನಕ್ಕೆ ಎರಡು ಸಲ.

ನಮ್ಮದು ದೊಡ್ಡಬಳ್ಳಾಪುರದ ಬ್ಯಾಂಡ್ ಸೆಟ್ಟು. ನಮ್ಮ ಸೋದರಮಾವ ಕಟ್ಟಿದ್ದು. ಅವರು ಹೋದ ಮೇಲೆ ಟ್ರಂಪೆಟ್ಟು, ಕೆಂಪು ಕೋಟು, ಮಾಸ್ಟ್ರು ಅನ್ನೋ ಹೆಸರು ಮೂರೂ ನನ್ನ ಪಾಲಿಗೆ ಬಂತು. ಆಗ ಹನ್ನೊಂದು ಜನ ಇದ್ದೆವು. ಆಮೇಲೆ ದೇವನಹಳ್ಳಿಗೆ ಏರ್‌ಪೋರ್ಟು ಬಂತು. ದೇಶವೆಲ್ಲಾ ಖುಷಿಪಟ್ಟಿತು, ನಾನೂ ಪಟ್ಟೆ. ಮೊದಲನೇ ವರ್ಷ ಒಬ್ಬ ಟ್ರಂಪೆಟ್ಟಿನವನು ಟ್ರಾಲಿ ತಳ್ಳೋಕೆ ಹೋದ. ಎರಡನೇ ವರ್ಷ ಯೂಫೋನಿಯಂನವನು ನೆಲ ಒರೆಸೋ ಮಿಷನ್ ಓಡಿಸೋಕೆ ಹೋದ. ಯೂಫೋನಿಯಂ ಅಂದರೆ ಹೊಟ್ಟೆ ಮೇಲೆ ತಬ್ಬಿಕೊಂಡು ಊದೋ ದೊಡ್ಡ ಹಿತ್ತಾಳೆ ವಾದ್ಯ. ಅವನ ಹಿಂದೆ ಇನ್ನಿಬ್ಬರು. ಕೊನೆಗೆ ಏಳು ಜನ ಉಳಿದೆವು.

ನನ್ನ ಹೆಂಡತಿ ದಿನಾ ಕಾಫಿ ಲೋಟದ ಜೊತೆ ಒಂದೇ ಮಾತು ತಂದಿಡುತ್ತಿದ್ದಳು. "ನೆಲಮಂಗಲದ ಗೋಡೌನಲ್ಲಿ ಜನ ಬೇಕಂತೆ. ಇದನ್ನ ಮುಚ್ಚಿ ಅಲ್ಲಿ ಸೇರ್ಕೊಂಡ್ಬಿಡಿ." ಅವಳು ಹೇಳೋದರಲ್ಲಿ ತಪ್ಪೇನಿರಲಿಲ್ಲ. ಆದರೆ ಈ ಬ್ಯಾಂಡು ಮುಚ್ಚಿದರೆ ಊರಲ್ಲಿ ನನ್ನನ್ನ ಯಾರು ಮಾಸ್ಟ್ರು ಅಂತಾರೆ? ಆ ಹೆಸರು ಹೋಗುತ್ತೆ ಅಂದರೆ ನನಗೆ ನಿಜವಾಗ್ಲೂ ಭಯವಾಗ್ತಿತ್ತು. ಹಾಗಾಗಿ ಬ್ಯಾಂಡು ಉಳಿಸೋಕೆ ಏನೇನು ಮಾಡಬಾರದೋ ಅದನ್ನೆಲ್ಲ ಮಾಡಿದೆ.

೧. ತಲೆ ಎಣಿಸುವ ಗಿರಾಕಿ

ದೇವನಹಳ್ಳಿ ಕಡೆಯ ಯಜಮಾನರೊಬ್ಬರು ಮಗಳ ಮದುವೆಗೆ ಬುಕ್ ಮಾಡೋಕೆ ಬಂದರು. ಆ ಕಡೆ ಜಮೀನಿಗೆ ಬೆಲೆ ಬಂದ ಮೇಲೆ ಮದುವೆಗಳಿಗೆ ಸೀಮೆ ಇಲ್ಲದಂತಾಗಿತ್ತು. ನಾನು ಖುಷಿಯಾಗಿ ಹಾಡುಗಳ ಪಟ್ಟಿ ಮುಂದಿಟ್ಟೆ. ಅವರು ಅದನ್ನ ಮಡಚಿ ಬೀಸಣಿಗೆ ಮಾಡ್ಕೊಂಡರು.

"ಎಷ್ಟು ಜನ ಬರ್ತೀರ?"

"ಏಳು ಜನ ಯಜಮಾನ್ರೇ. ಎಲ್ಲಾ ಅನುಭವಸ್ಥರು."

"ನಮ್ಮಣ್ಣನ ಮಗಳ ಮದುವೆಗೆ ಹತ್ತು ಜನ ಬಂದಿದ್ರು. ನಮಗೆ ಹನ್ನೊಂದು ಬೇಕು."

"ಏಳು ಜನದಲ್ಲೇ ಹತ್ತು ಜನರ ಸೌಂಡ್ ಕೊಡ್ತೀವಿ."

"ಸೌಂಡ್ ಇಟ್ಕೊಂಡು ಏನು ಮಾಡ್ಲಿ? ಫೋಟೋದಲ್ಲಿ ಸೌಂಡ್ ಬೀಳುತ್ತಾ?"

ಹನ್ನೊಂದು ಜನ ಬರ್ತೀವಿ ಅಂತ ಒಪ್ಪಿಕೊಂಡೆ. ಯಾವ ಹಾಡು ಬಾರಿಸೋಣ ಅಂತ ಸುಮ್ಮನೆ ಮರ್ಯಾದೆಗೆ ಕೇಳಿದೆ. ಯಜಮಾನರು ಎದ್ದು ಚಪ್ಪಲಿ ಹಾಕ್ಕೊಳ್ತಾ, "ಅದು ನಿಮ್ಮಿಷ್ಟ, ಕೋಟು ಮಾತ್ರ ಇಸ್ತ್ರಿ ಮಾಡ್ಸಿರಿ" ಅಂದರು.

೨. ಗೇಟಿನವರ ಸೆಲ್ಯೂಟು

ನಾಲ್ಕು ಜನ ಕಮ್ಮಿ ಇದ್ದರಲ್ಲ, ಅದಕ್ಕೆ ನಮ್ಮ ಲೈನಲ್ಲಿ ಒಂದು ಹಳೇ ದಾರಿ ಇದೆ. ಡಮ್ಮಿ ಹಾಕೋದು. ಕೋಟು ಹಾಕಿ, ಕೈಗೊಂದು ವಾದ್ಯ ಕೊಟ್ಟು, ಹಿಂದಿನ ಸಾಲಲ್ಲಿ ನಿಲ್ಲಿಸೋದು. ಅವರು ಕೆನ್ನೆ ಉಬ್ಬಿಸ್ತಾ ಇರ್ತಾರೆ, ಸೌಂಡು ಮಾಡೋದು ಬೇರೆಯವರು. ಇದನ್ನ ಮೋಸ ಅನ್ನೋರು ಇದ್ದಾರೆ. ಅಂಥವರು ಯಾವ ಸಂಘದ ಕಮಿಟಿಯನ್ನೂ ಹತ್ತಿರದಿಂದ ನೋಡಿರಲ್ಲ.

ನನ್ನ ಬಾಮೈದ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿ ಗೇಟಲ್ಲಿ ಸೆಕ್ಯುರಿಟಿ. ಆರಡಿ ಆಳು, ಕಿವಿ ಮುಟ್ಟೋ ಮೀಸೆ. ಹದಿನಾರು ವರ್ಷದಿಂದ ನಿಂತ ಜಾಗದಲ್ಲಿ ನಿಂತು ಏನೂ ಮಾಡದೇ ಇರೋದನ್ನೇ ಕಸುಬು ಮಾಡ್ಕೊಂಡಿದ್ದ. ಇವನಿಗಿಂತ ಒಳ್ಳೇ ಡಮ್ಮಿ ಎಲ್ಲಿ ಸಿಗ್ತಾನೆ? ಕೇಳಿದ ತಕ್ಷಣ ಒಪ್ಪಿದ, ಅದೇ ಗೇಟಿನ ಇನ್ನೂ ಮೂವರನ್ನ ಕರ್ಕೊಂಡು ಬಂದ. ಅಟ್ಟದ ಮೇಲಿದ್ದ ಹಳೇ ವಾದ್ಯಗಳನ್ನ ಹುಣಸೇಹಣ್ಣು ಹಾಕಿ ತಿಕ್ಕಿ, ಅಪ್ಪಿತಪ್ಪಿ ಊದಿದರೂ ಸದ್ದು ಬರಬಾರದು ಅಂತ ಊದೋ ತುದಿಗೆ ಹತ್ತಿ ತುರುಕಿ ಕೊಟ್ಟೆ. ಬಾಮೈದನಿಗೆ ಯೂಫೋನಿಯಂ.

ಮದುವೆ ದಿನ ಎಲ್ಲಾ ಸರಿಯಾಗೇ ಹೋಗ್ತಿತ್ತು. ಛತ್ರದ ಗೇಟಿಗೆ ಗಂಡಿನ ಕಾರು ಬಂತು. ನಾನು ಟ್ರಂಪೆಟ್ ಎತ್ತಿದೆ. ಹಿಂದಿನ ಸಾಲಿನ ನಾಲ್ವರೂ ವಾದ್ಯಗಳನ್ನ ಕಂಕುಳಿಗೆ ಸಿಕ್ಕಿಸಿ, ಕಾಲು ಜೋಡಿಸಿ ಪಟ್ಟಂತ ಸೆಲ್ಯೂಟ್ ಹೊಡೆದರು. ಒಬ್ಬ ಮುಂದೆ ಓಡಿ ಕಾರಿನ ಡಿಕ್ಕಿ ತೆಗೆಸಿ ಒಳಗೆ ಬಗ್ಗಿ ನೋಡಿದ. ಬಾಮೈದ ಗಾಡಿ ನಂಬರ್ ಬರ್ಕೊಳ್ಳೋಕೆ ಜೇಬಲ್ಲಿ ಪೆನ್ನು ಹುಡುಕ್ತಿದ್ದ.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಯಜಮಾನರು ನೇರ ನನ್ನ ಹತ್ರ ಬಂದು ಕಿವೀಲಿ ಹೇಳಿದರು. "ಮಾಸ್ಟ್ರೇ, ಬೀಗರು ಬೆರಗಾಗೋದ್ರು. ಸಂಜೆ ಆರತಕ್ಷತೆಗೆ ಹಾಡು ಕಮ್ಮಿ ಮಾಡಿ, ಸೆಲ್ಯೂಟು ಜಾಸ್ತಿ ಮಾಡಿ."

೩. ಬಾದಾಮಿ ಹಾಲು

ಅಲ್ಲಿಂದ ಬುಕಿಂಗು ಬರೋಕೆ ಶುರುವಾಯ್ತು. ನಮ್ಮ ಸಂಗೀತಕ್ಕೆ ಅಂತ ನಾನು ಅಂದ್ಕೊಂಡೆ. ನನಗೆ ಆವಾಗಾವಾಗ ಹಿಂಗೆ ಆಗುತ್ತೆ.

ನಮ್ಮ ಬ್ಯಾಂಡಲ್ಲಿ ಕ್ಲಾರಿನೆಟ್ ನುಡಿಸೋ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷದ ಅನುಭವ. ಅವರು ಒಂದು ಎಳೆ ಎಳೆದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ. ಆದರೆ ಆಳು ಸಣ್ಣ, ಕೋಟು ದೊಡ್ಡದು. ದೂರದಿಂದ ನೋಡಿದರೆ ಗೂಟಕ್ಕೆ ತೂಗುಹಾಕಿದ ಕೋಟೇ ನುಡಿಸ್ತಾ ಇದೆ ಅನ್ನಿಸುತ್ತೆ. ಹೊಸಕೋಟೆಯ ಒಂದು ಮದುವೇಲಿ ಅವರು ಅರ್ಧ ಗಂಟೆ ಒಂದೇ ಸಮನೆ ನುಡಿಸಿದರು. ವಿಡಿಯೋದವನು ಅಷ್ಟು ಹೊತ್ತೂ ಕ್ಯಾಮೆರಾ ಹಿಡಿದಿದ್ದು ನಮ್ಮ ಬಾಮೈದನ ಕೆನ್ನೆಗೆ.

ಅವನಿಗೂ ಹುರುಪು ಬಂದಿತ್ತು. ಕಣ್ಣು ಮುಚ್ಚೋದೇನು, ತಲೆ ಆಡಿಸೋದೇನು, ನಡುವೆ ವಾದ್ಯ ಇಳಿಸಿ ಸುಸ್ತಾದವನ ಥರ ಉಸಿರು ಬಿಡೋದೇನು. ಹೆಣ್ಣಿನ ಅಜ್ಜಿ ಎದ್ದು ಬಂದು, "ಎಂಥಾ ದಮ್ಮಪ್ಪಾ ನಿಂದು, ಎದೆ ನೋವಾಗಲ್ವಾ ಮಗಾ?" ಅಂತ ಅವನಿಗೆ ಒಂದು ದೊಡ್ಡ ಲೋಟ ಬಾದಾಮಿ ಹಾಲು ಕೊಟ್ಟರು. "ಅಭ್ಯಾಸ ಆಗಿದೆ ಅಜ್ಜಿ" ಅಂದ ನಮ್ಮವನು, ಸ್ವಲ್ಪವೂ ನಾಚಿಕೆ ಇಲ್ಲದೆ.

ವಾಪಸ್ ಬರೋವಾಗ ಕ್ಲಾರಿನೆಟ್ ಹಿರಿಯರು ಬಸ್ಸಲ್ಲಿ ನನ್ನ ಪಕ್ಕ ಕೂತು ವಾದ್ಯಾನ ಬಟ್ಟೇಲಿ ಸುತ್ತಿಟ್ಟರು. ಆಮೇಲೆ ಹೇಳಿದರು. "ಮಾಸ್ಟ್ರೇ, ನಲವತ್ತು ವರ್ಷ ಊದಿದೀನಿ. ನನಗೆ ಒಂದು ಲೋಟ ನೀರು ಕೊಟ್ಟೋರಿಲ್ಲ. ನಾನೂ ಏರ್‌ಪೋರ್ಟಿಗೆ ಹೋಗ್ಬಿಡ್ಲಾ ಅಂತ ಯೋಚನೆ ಮಾಡ್ತಿದೀನಿ." ಅವರು ಹೋದರೆ ಬ್ಯಾಂಡು ಮುಗೀತು. ಏನೋ ಸಮಾಧಾನ ಹೇಳೋಣ ಅಂತ ಬಾಯಿ ತೆಗೆಯೋದರೊಳಗೆ ಬಾಮೈದ ಹಿಂದಿನ ಸೀಟಿಂದ ಬಗ್ಗಿ ಹೇಳಿದ. "ನೀವು ಊದೋದು ಜಾಸ್ತಿ ಆಯ್ತು ಅಣ್ಣ. ಅದಕ್ಕೇ ಜನಕ್ಕೆ ನಿಮ್ಮ ಮುಖ ಕಾಣಲ್ಲ."

೪. ಕಿವಿ ಇದ್ದ ತೀರ್ಪುಗಾರರು

ಆಗಲೇ ಬಂದಿದ್ದು ಸ್ಪರ್ಧೆ ಸುದ್ದಿ. ದೇವನಹಳ್ಳಿಯ ಒಂದು ಶಾಲೆ ಮೈದಾನದಲ್ಲಿ ಬ್ಯಾಂಡ್ ಸೆಟ್‌ಗಳ ಪೈಪೋಟಿ. ಗೆದ್ದವರಿಗೆ ಏರ್‌ಪೋರ್ಟ್ ರಸ್ತೇಲಿ ಹೊಸದಾಗಿ ಶುರುವಾದ ಹೋಟೆಲಲ್ಲಿ ಒಂದು ವರ್ಷ ಕಾಯಂ ಕೆಲಸ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಂದವರನ್ನ ಬರಮಾಡಿಕೊಳ್ಳಬೇಕು. ತಿಂಗಳ ಸಂಬಳ. ಅಂದರೆ ನಮ್ಮೋರು ಯಾರೂ ಟ್ರಾಲಿ ತಳ್ಳೋಕೆ ಹೋಗಬೇಕಾಗಿಲ್ಲ, ನಾನು ಗೋಡೌನಿಗೆ ಹೋಗಬೇಕಾಗಿಲ್ಲ. ಅಷ್ಟು ಆಸೆಪಟ್ಟು ನಾನು ಯಾವತ್ತೂ ದೇವರಿಗೆ ಕೈ ಮುಗಿದಿರಲಿಲ್ಲ.

ನಿಯಮ ಏನಪ್ಪಾ ಅಂದ್ರೆ ಕನಿಷ್ಠ ಹನ್ನೊಂದು ಜನ ಇರಬೇಕು. ಸಂಗೀತದ ಬಗ್ಗೆ ನಿಯಮ ಏನೂ ಇರಲಿಲ್ಲ.

ತೀರ್ಪುಗಾರರು ಇಬ್ಬರು. ಒಬ್ಬರು ಆ ಹೋಟೆಲಿನ ಮ್ಯಾನೇಜರು, ಅವರು ಫೋನ್ ನೋಡ್ತಾ ಕೂತಿದ್ದರು. ಇನ್ನೊಬ್ಬರು ದೊಡ್ಡ ಸರ್ಕಾರಿ ಬ್ಯಾಂಡಲ್ಲಿ ಸರ್ವೀಸ್ ಮಾಡಿ ರಿಟೈರಾದ ಬ್ಯಾಂಡ್ ಮಾಸ್ಟ್ರು. ಹತ್ತು ವಾದ್ಯದ ಮಧ್ಯೆ ಒಂದು ಸ್ವರ ತಪ್ಪಿದರೂ ಯಾರದು ಅಂತ ಬೆರಳು ತೋರಿಸ್ತಾರೆ ಅಂತ ಅವರ ಹೆಸರು. ಈ ಮನುಷ್ಯ ಕುರ್ಚೀಲಿ ಕೂರಲಿಲ್ಲ. ಪ್ರತಿ ಬ್ಯಾಂಡಿನ ಸಾಲಲ್ಲೂ ನಡ್ಕೊಂಡು ಹೋಗಿ ಒಬ್ಬೊಬ್ಬರ ವಾದ್ಯದ ಹತ್ರ ಕಿವಿ ಇಡ್ತಿದ್ದರು.

ನಮ್ಮ ಸರದಿ ಬಂತು. ನಾನು ಊದ್ತಾ ಇದ್ದೀನಿ, ಕಣ್ಣೆಲ್ಲಾ ಹಿಂದಕ್ಕೆ. ಅವರು ಬಾಮೈದನ ಹತ್ರ ಹೋದರು. ನಿಂತರು. ಯೂಫೋನಿಯಂ ಬಾಯಿಗೆ ಕಿವಿ ಇಟ್ಟರು. ಇವನು ಕೆನ್ನೆ ಇನ್ನೂ ಉಬ್ಬಿಸಿದ. ಅವರು ಇನ್ನೊಂದು ಕಿವಿ ಇಟ್ಟರು. ಆಮೇಲೆ ಅವನ ಹತ್ರ ಏನೋ ಪಿಸುಗುಟ್ಟಿ ಮುಂದೆ ಹೋದರು. ನನಗೆ ಅಲ್ಲೇ ಟ್ರಂಪೆಟ್ ಕೆಳಗಿಟ್ಟು ಮನೆಗೆ ಹೋಗೋಣ ಅನ್ನಿಸ್ತು.

ಹಾಡು ಮುಗಿದದ್ದೇ ಓಡಿದೆ. "ಏನೋ ಹೇಳಿದ್ರು?"

"ಕೆನ್ನೆ ಸ್ವಲ್ಪ ಜಾಸ್ತಿ ಆಯ್ತು, ಕಮ್ಮಿ ಮಾಡು ಅಂದ್ರು ಭಾವ."

ನಮಗೆ ಎರಡನೇ ಬಹುಮಾನ ಬಂತು. ಹೋಟೆಲ್ ಕೆಲಸ ಮೊದಲನೇ ಬ್ಯಾಂಡಿಗೆ ಹೋಯ್ತು. ಅದು ಸಾಲದು ಅಂತ, ಆ ರಿಟೈರಾದ ಮಾಸ್ಟ್ರು ಮೈಕ್ ಹಿಡಿದು, ಇವತ್ತು ಈ ಮೈದಾನದಲ್ಲಿ ಒಂದೂ ಅಪಸ್ವರ ನುಡಿಸದೇ ಇದ್ದವರು ಒಬ್ಬರೇ ಅಂತ ಹೇಳಿ ನಮ್ಮ ಬಾಮೈದನ ಹೆಗಲಿಗೆ ಶಾಲು ಹೊದಿಸಿದರು. ಕ್ಲಾರಿನೆಟ್ ಹಿರಿಯರು ಚಪ್ಪಾಳೆ ತಟ್ಟಲಿಲ್ಲ.

ಎಲ್ಲಾ ಮುಗಿದ ಮೇಲೆ ಆ ರಿಟೈರಾದ ಮಾಸ್ಟ್ರ ಹತ್ರ ಹೋಗಿ ಕೈ ಮುಗಿದೆ. "ತಪ್ಪಾಯ್ತು ಸರ್. ನಿಮಗೆ ಗೊತ್ತಾಯ್ತು ಅಂತ ನನಗೂ ಗೊತ್ತು."

ಅವರು ಅತ್ತಿತ್ತ ನೋಡಿ ನನ್ನನ್ನ ಮರದ ಕೆಳಗೆ ಕರ್ಕೊಂಡು ಹೋದರು. "ಇದಕ್ಕೆಲ್ಲ ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಮುಂದಿನ ಹಲ್ಲು ಹೋದ ಮೇಲೆ ನಾನೂ ಮೂರು ವರ್ಷ ಹಿಂಗೇ ಡ್ಯೂಟಿ ಮಾಡಿದ್ದು. ಆವಾಗಲೇ ನನಗೆ ಪ್ರಮೋಷನ್ ಸಿಕ್ಕಿದ್ದು."

೫. ಕಾಯಂ ಕೆಲಸ

ಹದಿನೈದು ದಿನ ಆಗಿರಬಹುದು. ನಾನು ಸೋತು ಗೋಡೌನಿನ ಅರ್ಜಿ ತುಂಬ್ತಾ ಕೂತಿದ್ದೆ. ಹೆಂಡತಿ ಪಕ್ಕದಲ್ಲಿ ಕೂತು, "ಅನುಭವ ಅಂತ ಇರೋ ಕಡೆ ಏನೂ ಬರೀಬೇಡಿ, ನಗ್ತಾರೆ" ಅಂತ ಸಹಾಯ ಮಾಡ್ತಿದ್ದಳು. ಅಷ್ಟರಲ್ಲಿ ಹೋಟೆಲ್ ಮ್ಯಾನೇಜರ್ ಫೋನು.

"ಮಾಸ್ಟ್ರೇ, ಮೊದಲನೇ ಬಹುಮಾನದ ಬ್ಯಾಂಡನ್ನ ಕಳಿಸ್ಬಿಟ್ವಿ."

"ಯಾಕೆ ಸರ್? ಚೆನ್ನಾಗಿ ನುಡಿಸ್ತಾರಲ್ಲ."

"ಅದೇ ತೊಂದರೆ. ನಮ್ಮಲ್ಲಿಗೆ ಬರೋರೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬಂದಿರ್ತಾರೆ. ಬೆಳಿಗ್ಗೆ ಆರಕ್ಕೆ ಡ್ರಮ್ಮು ಬಾರಿಸಿದ್ರೆ ಹೊಡೆಯೋಕೇ ಬರ್ತಾರೆ. ಆದ್ರೆ ಕೋಟು ಹಾಕಿರೋ ಬ್ಯಾಂಡಿನ ಜೊತೆ ಫೋಟೋ ತೆಗೆಸ್ಕೊಳ್ಳೋದು ಎಲ್ಲರಿಗೂ ಇಷ್ಟ. ನಿಮ್ಮಲ್ಲಿ ಸೌಂಡ್ ಮಾಡದೇ ಇರೋರು ಇದ್ದಾರಂತೆ, ಜಡ್ಜ್ ಸರ್ ಹೇಳಿದ್ರು. ಎಷ್ಟು ಜನ?"

"ನಾಲ್ಕು ಜನ ಸರ್."

"ನಮಗೆ ಹನ್ನೊಂದು ಬೇಕು."

ಫೋನ್ ಇಟ್ಟು ಗೋಡೌನಿನ ಅರ್ಜಿ ಮಡಚಿಟ್ಟೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆದರೆ ಕೆಲಸ ಅಂದರೆ ಕೆಲಸ. ನುಡಿಸೋ ಉಳಿದ ಆರು ಜನಕ್ಕೂ ವಿಷಯ ಹೇಳಿದೆ. ಸಂಬಳ ಕೇಳಿ ಯಾರೂ ಬೇಡ ಅನ್ನಲಿಲ್ಲ. ಕ್ಲಾರಿನೆಟ್ ಹಿರಿಯರಂತೂ, "ಊದೋ ಹಂಗಿಲ್ಲ ಅಂದ್ರೆ ಎದೆಗೆ ಒಳ್ಳೇದೇ ಆಯ್ತು" ಅಂದುಬಿಟ್ಟರು.

ಇನ್ನು ತರಬೇತಿ ಆಗಬೇಕಲ್ಲ. ಊದದೇ ಇರೋದು ಬ್ಯಾಂಡಲ್ಲಿ ಗೊತ್ತಿದ್ದದ್ದು ನಾಲ್ಕು ಜನಕ್ಕೆ ಮಾತ್ರ. ಹಾಗಾಗಿ ನಮ್ಮ ಮನೆ ಮುಂದೆ ಏಳು ಜನ ಸಾಲಾಗಿ ನಿಂತೆವು, ಬಾಮೈದ ಎದುರಿಗೆ ನಿಂತ. ಹತ್ತಿ ಗಿತ್ತಿ ಏನೂ ಬೇಡ, ಫೋಟೋದಲ್ಲಿ ಕಾಣುತ್ತೆ, ಸುಮ್ಮನಿರೋದು ಒಳಗಿಂದ ಬರಬೇಕು ಅಂತ ಅವನ ಆಜ್ಞೆ. ಡ್ರಮ್ಮಿನವನು ಕೋಲನ್ನ ಚರ್ಮದಿಂದ ಒಂದಂಗುಲ ಮೇಲೆ ನಿಲ್ಲಿಸೋದನ್ನ ಒಂದೇ ದಿನದಲ್ಲಿ ಕಲಿತ. ಕ್ಲಾರಿನೆಟ್ ಹಿರಿಯರು ಎರಡು ದಿನ ತಗೊಂಡರು.

ನನ್ನ ಕೈಲಿ ಆಗಲಿಲ್ಲ. ಟ್ರಂಪೆಟ್ಟು ತುಟಿಗೆ ತಾಗಿದ್ದೇ ತಡ, ಎಷ್ಟು ಬಿಗಿ ಹಿಡಿದರೂ ಪೀಂ ಅಂದುಬಿಡೋದು. ನಾಲ್ಕನೇ ದಿನವೂ ಅಂದಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಯಾರದು? ಭಾವ, ಮತ್ತೆ ನೀವೇನಾ?"

"ಮೂವತ್ತು ವರ್ಷದ ಅಭ್ಯಾಸ ಕಣೋ. ಬಾಯಿಗಿಟ್ಟ ತಕ್ಷಣ ಬಂದ್ಬಿಡುತ್ತೆ."

"ಬೇರೆಯೋರಿಗೆಲ್ಲ ಬಂದಿಲ್ವಾ? ನೀವು ಮನಸ್ಸಿಟ್ಟು ಕಲೀತಿಲ್ಲ."

ಅವನು ನನ್ನನ್ನ ಸಾಲಿಂದ ಈಚೆಗೆ ಕರೆದು, ನನ್ನ ಹೆಗಲ ಮೇಲೆ ಕೈ ಹಾಕಿ, ಬೇರೆಯವರಿಗೆ ಕೇಳಿಸದ ಹಾಗೆ ಬಹಳ ಮರ್ಯಾದೆಯಿಂದಲೇ ಹೇಳಿದ.

"ಇನ್ನೊಂದು ವಾರ ಟೈಮ್ ಕೊಡ್ತೀನಿ ಭಾವ. ಆಗ್ಲಿಲ್ಲ ಅಂದ್ರೆ ಮನೆಯೋರು ಅಂತ ನೋಡೋಕಾಗಲ್ಲ. ನಿಮ್ಮ ಜಾಗಕ್ಕೆ ಫ್ಯಾಕ್ಟರಿ ಗೇಟಲ್ಲಿ ಬೇರೆ ಮೂರು ಜನ ಕಾಯ್ತಾ ಇದಾರೆ."