ಬಿಯರ್ ಡೇರೆಯಲ್ಲಿ ವಂದನಾರ್ಪಣೆ

ಕುಡಿಯದವನು ಬಿಯರ್ ಡೇರೆಗೆ ಹೋದರೆ ಏನಾದರೊಂದು ಆಗಿಯೇ ತೀರುತ್ತೆ. ನಗೋಯಾಕ್ಕೆ ಬಂದ ಲಾಗಾಯ್ತಿನಿಂದ ನನಗೆ ವರ್ಷ ತಪ್ಪದೆ ಆಗಿದೆ. ಇಲ್ಲಿ ಊರ ನಡುವಿನ ಪಾರ್ಕಿನಲ್ಲಿ ವರ್ಷಕ್ಕೊಮ್ಮೆ ಜರ್ಮನಿಯ ಬವೇರಿಯಾ ಕಡೆಯ ಹಬ್ಬ ಮಾಡ್ತಾರೆ. ದೊಡ್ಡ ಬಿಳಿ ಡೇರೆ, ಉದ್ದುದ್ದ ಬೆಂಚು, ಒಂದು ಲೀಟರ್ ಹಿಡಿಯುವ ಗಾಜಿನ ಮಗ್ಗು, ಚರ್ಮದ ಚಡ್ಡಿಯ ಬ್ಯಾಂಡಿನವರು. ಚಡ್ಡಿಯೊಳಗಿರೋರು ಮಾತ್ರ ಜಪಾನಿಯರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನಮ್ಮ ವಿಭಾಗದ ಹನ್ನೆರಡೂ ಜನ ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುವುದು ವಾಡಿಕೆ.

ಕರೆದುಕೊಂಡು ಹೋಗೋರು ವಿಭಾಗದ ಮುಖ್ಯಸ್ಥರು. ಅವರನ್ನು ಹೆಸರು ಹಿಡಿದು ಯಾರೂ ಕರೆಯಲ್ಲ, ಎಲ್ಲರಿಗೂ ಅವರು 'ಬುಚೋ', ಅಂದರೆ ಮುಖ್ಯಸ್ಥರೇ. ನನ್ನ ಹೆಂಡತಿಯ ಹೆರಿಗೆಯ ದಿನ ಡಾಕ್ಟರ್ ಹೇಳಿದ್ದು ಒಂದಕ್ಷರ ಅರ್ಥವಾಗದೆ ನಾನು ಕಂಗಾಲಾಗಿ ನಿಂತಿದ್ದಾಗ, ಆಫೀಸು ಬಿಟ್ಟು ಓಡಿ ಬಂದು, ಡಿಕ್ಷನರಿ ಹಿಡಿದು ಇಡೀ ದಿನ ಪಕ್ಕದಲ್ಲಿ ಕೂತ ಪುಣ್ಯಾತ್ಮ. ಥ್ಯಾಂಕ್ಸ್ ಹೇಳೋಕೆ ಹೋದರೆ ಮುಖದ ಮುಂದೆ ಕೈ ಬೀಸಿ, ಅದೇನೂ ಇಲ್ಲ ಬಿಡಿ ಅಂತ ಹೊರಟೇಬಿಡ್ತಾರೆ. ಎಂಟು ವರ್ಷದಲ್ಲಿ ಒಂದು ಸಲವೂ ಪೂರ್ತಿ ಹೇಳೋಕೆ ಬಿಟ್ಟಿಲ್ಲ. ಈ ವರ್ಷ ಅವರ ನಿವೃತ್ತಿ. ಈಗ ಹೇಳದಿದ್ದರೆ ಇನ್ನು ಯಾವಾಗ ಅನ್ನೋದೇ ನನ್ನ ಚಿಂತೆಯಾಗಿತ್ತು.

ಟವೆಲ್ಲು

ಮೊದಲ ವರ್ಷ ನಾನು ಹೊಸಬ. ಹೊಸಬರ ಕೆಲಸ ಮುಂಚೆ ಹೋಗಿ ಎಲ್ಲರಿಗೂ ಜಾಗ ಹಿಡಿಯೋದು. ಇದನ್ನ ನಮಗೆ ಯಾರು ಕಲಿಸಬೇಕು? ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಒಂದೇ ಟವೆಲ್ ಎಸೆದು ಮೂರು ಜನರ ಸೀಟು ಹಿಡಿದವನು ನಾನು. ಬೆಂಚಿನ ನಡುವೆ ಟವೆಲ್ ಹಾಸಿ, ಇಡೀ ಮೇಜು ನಮ್ಮದಾಯ್ತು ಅಂತ ನೆಮ್ಮದಿಯಾಗಿ ಬ್ಯಾಂಡ್ ನೋಡೋಕೆ ಹೋದೆ.

ವಾಪಸ್ ಬಂದರೆ ಮೇಜಿನ ತುಂಬ ಯಾರೋ ಹನ್ನೊಂದು ಜನ. ಟವೆಲ್ ಇಟ್ಟಲ್ಲೇ ಇತ್ತು. ಅದರ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಮರ್ಯಾದೆಯಿಂದ ಕೂತಿದ್ದರು. ಈ ದೇಶದಲ್ಲಿ ನೀವು ಇಟ್ಟ ವಸ್ತು ಯಾರೂ ಮುಟ್ಟಲ್ಲ, ಆದರೆ ಒಂದು ವಸ್ತುವಿಗೆ ಒಂದೇ ಸೀಟು. ಅಷ್ಟರಲ್ಲಿ ನಮ್ಮವರೆಲ್ಲ ಬಂದರು. ನಾನು ಸುಮಿಮಾಸೆನ್, ಸುಮಿಮಾಸೆನ್ ಅಂತ ಒಬ್ಬೊಬ್ಬರಿಗೂ ಬಗ್ಗಿ ಕ್ಷಮೆ ಕೇಳುತ್ತಾ ಹೋದೆ. ಬುಚೋ ಎಲ್ಲರನ್ನೂ ಹೊರಗೆ ಹುಲ್ಲಿನ ಮೇಲೆ ಕೂರಿಸಿದರು. ಯಾರೋ ಮುಖ ಸಣ್ಣದು ಮಾಡಿದ್ದಕ್ಕೆ ನನ್ನನ್ನು ತೋರಿಸಿ ಗಂಭೀರವಾಗಿ ಹೇಳಿದರು: "ಇವರು ಜಾಗ ಹಿಡಿದಿದ್ದಾರಲ್ಲ. ನೋಡಿ, ಟವೆಲ್ ಎಷ್ಟು ಆರಾಮಾಗಿ ಕೂತಿದೆ."

ಸಸ್ಯಾಹಾರ

ಮರುವರ್ಷ ಬುಚೋ ಮೊದಲೇ ಫೋನ್ ಮಾಡಿ, ನಮ್ಮವರೊಬ್ಬರು ಮಾಂಸ ತಿನ್ನಲ್ಲ ಅಂತ ಡೇರೆಯ ಅಡುಗೆಯವರಿಗೆ ತಿಳಿಸಿದ್ದರು. ಅವರೂ ಶ್ರದ್ಧೆಯಿಂದಲೇ ಮಾಡಿದರು. ಸಾಸೇಜಿನ ತಟ್ಟೆಯಿಂದ ಸಾಸೇಜ್ ತೆಗೆದು, ಹಂದಿಮಾಂಸ ಬೆರೆಸಿದ ಕೋಸು ತೆಗೆದು, ಉಳಿದದ್ದನ್ನ ಅಲಂಕಾರ ಮಾಡಿ ತಂದಿಟ್ಟರು. ಉಳಿದಿದ್ದು ಒಂದು ಚಮಚ ಸಾಸಿವೆ ಚಟ್ನಿ. ಬುಚೋ ತಮ್ಮ ಬ್ರೆಡ್ ಬಳೆಯನ್ನ, ಅದೇ ಪ್ರೆಟ್ಜೆಲ್ ಅಂತಾರಲ್ಲ, ಅದನ್ನ ನನ್ನ ತಟ್ಟೆಗಿಟ್ಟರು. ಮುಖ್ಯಸ್ಥರೇ ಕೊಟ್ಟ ಮೇಲೆ ಮಿಕ್ಕವರು ಸುಮ್ಮನಿರೋಕಾಗುತ್ತಾ? ಹನ್ನೊಂದೂ ನನ್ನ ಮುಂದೆ ಬಂದವು. ಮನೆಗೆ ತಂದೆ. ಹೆಂಡತಿ ಒಂದು ವಾರ ಅದಕ್ಕೇ ಒಗ್ಗರಣೆ ಹಾಕಿದಳು.

ಸೇಬಿನ ರಸ

ಅದರ ಮುಂದಿನ ವರ್ಷ, ಬೇರೆಯವನು ಅಂತ ನನಗೆ ಅನ್ನಿಸಬಾರದು ಅಂತ ಬುಚೋ ನನಗೂ ಲೀಟರ್ ಮಗ್ಗಿನಲ್ಲೇ ಸೇಬಿನ ರಸ ತರಿಸಿದರು. ಕೊಟ್ಟದ್ದನ್ನ ಉಳಿಸಬಾರದು, ಉಳಿಸಿದರೆ ಕೊಟ್ಟವರಿಗೆ ಅವಮಾನ ಅನ್ನೋದು ನಮ್ಮಮ್ಮ ಕಲಿಸಿದ ಪಾಠ. ಪಕ್ಕದವರ ಗ್ಲಾಸು ಖಾಲಿ ಇರೋಕೆ ಬಿಡಬಾರದು ಅನ್ನೋದು ಅವರಮ್ಮ ಕಲಿಸಿದ ಪಾಠ. ನಾನು ಖಾಲಿ ಮಾಡಿದೆ, ಅವರು ತುಂಬಿಸಿದರು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿಸಿದರು. ಇಬ್ಬರ ಸಂಸ್ಕಾರವೂ ಸೇರಿ ನನ್ನ ಹೊಟ್ಟೆ ತಂಬೂರಿಯಾಯ್ತು.

ನಾಲ್ಕನೇ ಮಗ್ಗಿಗೆ ಬಡಿಸುವ ಹುಡುಗಿ ಕನಿಕರಪಟ್ಟು ಕಿವಿಯಲ್ಲಿ ಹೇಳಿದಳು, ಎರಡು ಬೆರಳಷ್ಟು ಉಳಿಸಿಬಿಡಿ, ಅವರೂ ನಿಲ್ಲಿಸ್ತಾರೆ ಅಂತ. ಅವರೂ ಅಂದರೆ? ಆಗಲೇ ನಾನು ಬುಚೋ ಮಗ್ಗಿನ ಕಡೆ ಸರಿಯಾಗಿ ನೋಡಿದ್ದು. ನಾನೊಬ್ಬನೇ ಆಗಬಾರದು ಅಂತ ಅವರೂ ಸೇಬಿನ ರಸವನ್ನೇ ಕುಡೀತಿದ್ದರು. ಬಿಯರ್ ಅಂದರೆ ಪ್ರಾಣ ಬಿಡುವ ಮನುಷ್ಯ, ವರ್ಷವಿಡೀ ಕಾದ ಹಬ್ಬದಲ್ಲಿ ಒಂದು ಗುಟುಕೂ ಬಿಯರ್ ಮುಟ್ಟದೆ, ನಾಲ್ಕು ಲೀಟರ್ ಸೇಬಿನ ರಸ ಹೊತ್ತುಕೊಂಡು ಮನೆಗೆ ಹೋದರು.

ವಂದನಾರ್ಪಣೆ

ಈ ವರ್ಷ ಅವರ ಬೀಳ್ಕೊಡುಗೆಯೂ ಅದೇ ಡೇರೆಯಲ್ಲಿ. ಹೆಂಡತಿ ಮಗಳನ್ನೂ ಕರೆತನ್ನಿ ಅಂದಿದ್ದರು. 'ಕಾಂಪಾಯ್' ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಎದ್ದು ಮಗ್ಗು ಎತ್ತಿ ಹಿಡೀತಾರೆ, ಒಬ್ಬರು ಎರಡು ಮಾತಾಡಿ ಕಾಂಪಾಯ್ ಅಂತಾರೆ, ಆಮೇಲೇ ಕುಡಿಯೋದು. ಅಲ್ಲೀತನಕ ಯಾರೂ ಮಗ್ಗು ಇಳಿಸೋ ಹಾಗಿಲ್ಲ. ಈ ಸಲ ಕೈ ಬೀಸಿ ತಪ್ಪಿಸಿಕೊಳ್ಳೋಕಾಗಲ್ಲ ಅಂತ ನನಗೆ ಖುಷಿಯೋ ಖುಷಿ. ಇಲ್ಲಿನ ಕನ್ನಡ ಬಳಗದ ಕಾರ್ಯಕ್ರಮಗಳಲ್ಲೆಲ್ಲ ವಂದನಾರ್ಪಣೆ ನನ್ನದೇ, ಅಭ್ಯಾಸ ಇತ್ತು. ನಾಲ್ಕು ಹಾಳೆ ಬರೆದುಕೊಂಡಿದ್ದೆ.

ಎಲ್ಲರೂ ಮಗ್ಗು ಎತ್ತಿದರು. ಹಾಳೆ ಹಿಡಿಯೋಕೆ ಎರಡು ಕೈ ಬೇಕಲ್ಲ, ನಾನು ನನ್ನ ಮಗ್ಗನ್ನ ಮೇಜಿನ ಮೇಲಿಟ್ಟೆ. ವಿಮಾನ ಇಳಿದ ದಿನದಿಂದ ಶುರು ಮಾಡಿದೆ. ಟವೆಲ್ ಬಂತು, ಸಾಸಿವೆ ಬಂತು, ಸೇಬಿನ ರಸ ಬಂತು. ಆಸ್ಪತ್ರೆಯ ದಿನಕ್ಕೆ ಬಂದಾಗ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು, ಅದನ್ನ ನೀಟಾಗಿ ಮಡಿಸಿ ಜೇಬಿಗಿಟ್ಟೆ. ಎಲ್ಲರೂ ಕಾದರು. ಸುಧಾರಿಸಿಕೊಂಡು, ಪದ್ಧತಿ ಪ್ರಕಾರ ಡೇರೆ ಹಾಕಿದವರಿಗೆ, ಬ್ಯಾಂಡಿನವರಿಗೆ, ಅಡುಗೆಯವರಿಗೆ ವಂದನೆ ಹೇಳಿದೆ. ಯಾರಾದರೂ ಮಾತಾಡುವಾಗ ಅಡ್ಡ ಓಡಾಡಬಾರದು ಅಂತ ಆ ಬಡಿಸುವ ಹುಡುಗಿ ಎರಡೂ ಕೈಯಲ್ಲಿ ಎಂಟು ಮಗ್ಗು ಹಿಡಿದು ನಿಂತೇ ಇದ್ದಳು. ಅವಳಿಗೂ ವಂದಿಸಿದೆ. ಎಂಟು ಮಗ್ಗಿನ ಸಮೇತ ಬಗ್ಗಿ ಪ್ರತಿವಂದನೆ ಮಾಡಿದಳು. ಬುಚೋ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಮೈಯೆಲ್ಲ ನಡುಗುತ್ತಿತ್ತು. ಪಾಪ, ಮನಸ್ಸು ಕರಗಿದೆ ಅಂದುಕೊಂಡು ನಾಲ್ಕನೇ ಹಾಳೆ ತಿರುಗಿಸಿದೆ.

ಆಗ ಮಗಳು ಅಂಗಿ ಜಗ್ಗಿದಳು. ಏಳು ವರ್ಷದವಳು. ಕನ್ನಡ ಎಲ್ಲ ಅರ್ಥವಾಗುತ್ತೆ, ಆದರೆ ಉತ್ತರ ಬರೋದು ಜಪಾನಿಯಲ್ಲೇ. ಅವತ್ತು ಮಾತ್ರ, ಬೇರೆಯವರಿಗೆ ತಿಳಿಯಬಾರದು ಅಂತ, ಸ್ವಚ್ಛ ಕನ್ನಡದಲ್ಲಿ ಹೇಳಿದಳು:

"ಅಪ್ಪಾ, ಎಲ್ಲರ ಕೈ ನೋಯ್ತಿದೆ. ಬೇಗ ಕಾಂಪಾಯ್ ಅನ್ನು."

ನನಗೆ ರೋಮಾಂಚನ. ಎರಡು ಪೂರ್ತಿ ಕನ್ನಡ ವಾಕ್ಯ! ಇದು ಮಗಳ ಮೊದಲ ಕನ್ನಡ ಮಾತು, ಇವಳು ಹುಟ್ಟಿದ ದಿನ ಜೊತೆಗಿದ್ದ ಬುಚೋ ಮುಂದೆಯೇ ಆಡಿದ್ದಾಳೆ, ಇದಕ್ಕಿಂತ ಭಾಗ್ಯ ಬೇಕೇ ಅಂತ ಜಪಾನಿಯಲ್ಲಿ ಎಲ್ಲರಿಗೂ ವಿವರಿಸಿದೆ. ಏನು ಹೇಳಿದಳು ಅನ್ನೋದನ್ನ ಮಾತ್ರ ಸಂತೋಷದಲ್ಲಿ ಮರೆತಿದ್ದೆ. ಕೊನೆಗೆ ಹಿಂದಿನಿಂದ ನನ್ನ ಹೆಂಡತಿಯೇ ಕಾಂಪಾಯ್ ಅಂತ ಕೂಗಿದಳು.

ನಮ್ಮವರ ಮಗ್ಗುಗಳೆಲ್ಲ ಧಡಧಡ ಮೇಜಿಗಿಳಿದವು. ಯಾರೂ ಕುಡಿಯಲಿಲ್ಲ, ಎಲ್ಲರೂ ತೋಳು ಉಜ್ಜಿಕೊಳ್ಳುತ್ತಿದ್ದರು. ಬುಚೋ ಮಗ್ಗು ಬಾಯಿತನಕ ಹೋಗಲಿಲ್ಲ. ನಾನು ಕೆಳಗೆ ಎರಡೂ ಕೈ ಕೊಟ್ಟು ಎತ್ತಿದೆ, ಮೊದಲ ಗುಟುಕು ಕುಡಿದರು. ಅರಿಗಾತೋ ಗೊಝಾಯಿಮಾಸ್ ಅಂತ ಥ್ಯಾಂಕ್ಸ್ ಹೇಳಿದೆ. ಎಂಟು ವರ್ಷದಲ್ಲಿ ಮೊದಲ ಸಲ ಅವರು ಕೈ ಬೀಸಲಿಲ್ಲ. ಬೀಸೋಕೆ ಕೈ ಏಳಬೇಕಲ್ಲ!

ಸೋಮವಾರ ಆಫೀಸಿನಲ್ಲಿ ಹನ್ನೊಂದೂ ಬಲತೋಳಿಗೆ ನೋವಿನ ಪಟ್ಟಿ. ಬುಚೋಗೆ ಇನ್ನೂ ಒಂದು ವಾರ ಕೆಲಸ ಇತ್ತು. ಮನೆಗೆ ಹೊರಡುವಾಗ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಪೂರ್ತಿ ಕೇಳಿಸಿಕೊಂಡೆ," ಅಂದರು. "ನಿಮ್ಮ ಬೀಳ್ಕೊಡುಗೆಗೆ ನಾನು ಎಲ್ಲಿದ್ದರೂ ಬರ್ತೀನಿ. ಅವತ್ತು ಮಾತಾಡೋದು ನಾನು, ಮಗ್ಗು ಹಿಡಿಯೋದು ನೀವು."

ಅವತ್ತಿನಿಂದ ದಿನಾ ಬೆಳಿಗ್ಗೆ ಲೀಟರ್ ನೀರಿನ ಬಾಟಲಿ ಎತ್ತಿ ಹಿಡಿದು ನಿಲ್ತೀನಿ. ಮಗಳು ಗಡಿಯಾರ ನೋಡ್ತಾಳೆ. ಅವರು ಎಷ್ಟು ಹೊತ್ತು ಮಾತಾಡಿದರೂ ನಾನು ಇಳಿಸಬಾರದು.